ಭಾವ ಅಂದದ್ದು, ನಾನು ಹೇಳಿದ್ದು

“ಈಕಿಗಿ ಯಾರ್ ಬಡದಾರ?”

ಬೆಂಗಳೂರಿಗೆ ಬಂದು ನಾಲ್ಕು ತಿಂಗಳಾದ ಮೇಲೆ ನಮ್ಮ ಕಡೆಯ ಮಾತು ಮತ್ತೆ ನನ್ನ ಕಿವಿಗೆ ಬಿದ್ದದ್ದು ಹೀಗೆ. ಕೇಳಿದವಳು ನಾಲ್ಕು ವರ್ಷದ ಹುಡುಗಿ. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಜಾರ. ಕೆಂಪು ಗಾರೆಯ ನೆಲದ ಮೇಲೆ ಒಬ್ಬ ಬಿಳಿಯ ಹೆಂಗಸು ಮಂಡಿಯೂರಿ ಕೂತು, ಎರಡೂ ಕೈ ಮುಂದೆ ಚಾಚಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ ಕಣ್ಣೊರೆಸಿಕೊಳ್ಳುತ್ತಲೇ ಫೋಟೋ ತೆಗೆಯುತ್ತಿದ್ದ. ಸಮುದ್ರದಾಚೆಯ ದೇಶದಿಂದ, ತಾವು ದತ್ತು ಪಡೆದ ಮಗಳನ್ನು ಮೊದಲ ಸಲ ನೋಡಲು ಬಂದವರು ಅವರು. ಮಗಳು ನನ್ನ ಸೀರೆಯ ಹಿಂದೆ ಅವಿತುಕೊಂಡು, ಅಷ್ಟು ದೊಡ್ಡ ಹೆಂಗಸು ಅಳುವ ಹಾಗೆ ಹೊಡೆದವರು ಯಾರೆಂದು ಹಜಾರದಲ್ಲೆಲ್ಲ ಕಣ್ಣಾಡಿಸುತ್ತಿದ್ದಳು.

ನಾನು ಆ ಮಕ್ಕಳ ಹೋಮಿಗೆ ಆಯಾ ಆಗಿ ಸೇರಿ ಅಂದಿಗೆ ಮೂರನೆಯ ದಿನ. ಹುಡುಗಿ ಬಂದು ಎರಡು ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲವಂತೆ. ಈಗ ಬಿಟ್ಟರೆ ಅದು ಯಾವ ಭಾಷೆಯೆಂದೇ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಹೋಮಿನ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಅವರು ನನ್ನ ಕಡೆ ನೋಡಿ “ಏನಂತು ಮಗು?” ಎಂದರು.

“ಅಮ್ಮಾರಿಗಿ ಯಾರ್ ಹೊಡದ್ರು ಅಂತ ಕೇಳ್ಲತ್ತದ ಮೇಡಂ.”

ದೊಡ್ಡ ಮೇಡಂ ತಲೆಯಾಡಿಸಿ, ಬಿಳಿಯ ಹೆಂಗಸಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಗ ನನಗೆ ಬರುತ್ತಿದ್ದ ಇಂಗ್ಲಿಷ್ ಕಡಿಮೆ, ಆದರೆ ಮಮ್ಮಿ ಎಂಬ ಪದ ಗೊತ್ತಿತ್ತು. ‘ನೀನೇ ನನ್ನ ಮಮ್ಮಿಯಾ ಎಂದು ಕೇಳುತ್ತಿದೆ’ ಎಂದಿದ್ದರು ಅವರು. ಬಿಳಿಯ ಹೆಂಗಸು ಎದೆಗೆ ಕೈಯೊತ್ತಿಕೊಂಡು ಇನ್ನಷ್ಟು ಅತ್ತಳು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸುವವರ ಕೈಯಲ್ಲಿ ಎಂಥ ಬಲವಿರುತ್ತದೆ ಎಂಬುದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಮುಂದೆ ಒಂದು ದಿನ ನಾನೂ ಆ ಬಲವನ್ನು ಬಳಸಿದೆ. ಊರಿನವರಾದ ನೀವು ಕೇಳಿರುವ ಕಥೆ ಬೇರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬಂದವಳಲ್ಲ, ಸೇಡು ತೀರಿಸಿಕೊಳ್ಳಲು ಬಂದವಳು.

ಚಿತ್ತಾಪುರ ಕಡೆಯ ನಮ್ಮ ಹಳ್ಳಿಯಿಂದ ನನ್ನ ಅಕ್ಕ ಕಾಶವ್ವನನ್ನು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಭೀಮರಾಯನಿಗೆ ಕೊಟ್ಟಿದ್ದರು. ಗಣಿ ನಿಂತಾಗ ಅವನು ಅಕ್ಕನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಗಾರೆ ಕೆಲಸಕ್ಕೆಂದು ಕೆ.ಆರ್. ಪುರಕ್ಕೆ ಬಂದ. ಎರಡನೆಯ ವರ್ಷವೇ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವಾಗ ಮಣ್ಣು ಮಾಡಿ ಎಂಟು ದಿನವಾಗಿತ್ತು. ‘ಮಕ್ಕಳನ್ನು ಇಲ್ಲಿಗೆ ಕಳಿಸು, ನಾವು ಸಾಕುತ್ತೇವೆ’ ಎಂದು ಅವ್ವ ನನ್ನ ಕೈಯಿಂದ ಕಾಗದದ ಮೇಲೆ ಕಾಗದ ಬರೆಸಿದಳು. ಉತ್ತರ ಬರಲಿಲ್ಲ. ಒಂದೂವರೆ ವರ್ಷದ ಮೇಲೆ, ಅಲ್ಲಿಗೆ ಗಾರೆ ಕೆಲಸಕ್ಕೆ ಹೋಗಿ ಬಂದಿದ್ದ ನಮ್ಮೂರವರೊಬ್ಬರು ಸುದ್ದಿ ತಂದರು. ಭೀಮರಾಯ ಇನ್ನೊಂದು ಮದುವೆಯಾಗಿದ್ದಾನೆ, ಹುಡುಗಿಯರಿಗೆ ಯಾರೂ ಇಲ್ಲವೆಂದು ಬರೆದುಕೊಟ್ಟು ಯಾವುದೋ ಆಶ್ರಮಕ್ಕೆ ಕೊಟ್ಟುಬಿಟ್ಟಿದ್ದಾನೆ ಎಂದು. ಕೊಟ್ಟಾಗ ದೊಡ್ಡವಳು ನೀಲವ್ವಗೆ ಐದು ವರ್ಷ, ಸಣ್ಣವಳು ಲಿಂಗವ್ವಗೆ ಎರಡು.

ಅವ್ವ ಅಳಲಿಲ್ಲ. “ಹೋಗು ಶರಣವ್ವ. ಹುಡುಗ್ರು ಸಿಕ್ರ ಕರ್ಕೊಂಡ್ ಬಾ. ಸಿಗ್ಲಿಲ್ಲಂದ್ರ ಅವನ್ ಮಾರಿ ಮ್ಯಾಲ ಉಗುಳಿ ಬಾ” ಎಂದಳು. ನನಗೆ ಆಗ ಇಪ್ಪತ್ತಮೂರು. ಪಿಯುಸಿ ಫೇಲಾಗಿ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೆ.

ಕೆ.ಆರ್. ಪುರದ ರೈಲು ಹಳಿಯ ಪಕ್ಕ, ತಗಡಿನ ಶೆಡ್ಡಿನಲ್ಲಿ ಭಾವ ಸಿಕ್ಕ. ನನ್ನನ್ನು ನೋಡಿ ಎದ್ದು ನಿಂತ.

“ಹುಡುಗ್ರು ಎಲ್ಲಿ?” ಎಂದೆ.

“ಛಲೋ ಕಡಿ ಅವ. ಹೊಟ್ಟಿ ತುಂಬ ಉಣ್ತಾವ.”

“ನಾವ್ ಸತ್ತಿದ್ದೇವೇನು? ಅವಕ್ಕ ಯಾರೂ ಇಲ್ಲಂತ ಬರ್ಕೊಟ್ಟಿಯಂತಲ್ಲ?”

“ಅವರು ಬರದ್ರು, ನಾ ಹೆಬ್ಬಟ್ಟ ಒತ್ತೀನಿ. ಓದ್ಲಿಕ್ ಬರ್ತದೇನ್ ನನಗ?”

ಉಗುಳಿದೆ. ಮುಖಕ್ಕೆ ಮುಟ್ಟಲಿಲ್ಲ, ಅಂಗಿಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ. ನಾನು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಬೈಗುಳಗಳೆಲ್ಲ ಆ ಒರೆಸಿಕೊಳ್ಳದ ಅಂಗಿಯ ಮುಂದೆ ಸಣ್ಣವಾಗಿಬಿಟ್ಟವು. ಇಷ್ಟಕ್ಕೆ ಮುಗಿಯುವ ಸಿಟ್ಟು ಇದಲ್ಲ ಎಂದು ಅನ್ನಿಸಿತು.

ಅವನು ಹೇಳಿದ ಗುರುತು ಹಿಡಿದು ಕಂಟೋನ್ಮೆಂಟಿನ ಬಂಗಲೆಗೆ ಹೋದೆ. ಗೇಟಿನ ಪಕ್ಕದ ಕೋಣೆಯಲ್ಲಿದ್ದ ಗುಮಾಸ್ತ ಫೈಲು ತೆಗೆದು ನೋಡಿ, ಇಬ್ಬರೂ ನಾರ್ವೆ ದೇಶಕ್ಕೆ ಹೋಗಿ ಎಂಟು ತಿಂಗಳಾಯಿತು ಎಂದ. ನಾನು ಆ ಮಕ್ಕಳ ತಾಯಿಯ ತಂಗಿ ಎಂದೆ.

“ಪೇಪರ್ ಪ್ರಕಾರ ಆ ಮಕ್ಳಿಗೆ ಯಾರೂ ಇಲ್ಲಮ್ಮಾ. ನೀವು ಇಲ್ವೇ ಇಲ್ಲ,” ಎಂದ ಆತ. ಕೆಟ್ಟ ಮನುಷ್ಯನೇನಲ್ಲ, ಕುಡಿಯಲು ನೀರು ಕೂಡ ಕೊಟ್ಟ.

ಇಲ್ಲವೇ ಇಲ್ಲದವಳು ಯಾವ ಮುಖ ಹೊತ್ತು ಊರಿಗೆ ಹೋಗಬೇಕು? ಬೆಂಗಳೂರಿನಲ್ಲೇ ಉಳಿದೆ.

ಮರ್ಫಿ ಟೌನಿನಲ್ಲಿ ಸೆಲ್ವಮ್ಮ ಎಂಬ ತಮಿಳು ಹೆಂಗಸಿನ ಮನೆಯ ಹಿಂದಿನ ಕೋಣೆ ಸಿಕ್ಕಿತು. ನಮ್ಮೂರಲ್ಲಿ ಬಡವರ ಮನೆಯ ನೆಲವೂ ಪರಸಿ ಕಲ್ಲಿನದು, ಬೇಸಿಗೆಯಲ್ಲಿ ಬೆನ್ನು ಒರಗಿಸಿದರೆ ತಂಪು. ಇಲ್ಲಿ ಬೇಸಿಗೆಯೇ ಇಲ್ಲ, ಆದರೆ ಒರಗಲು ಜಾಗವೂ ಇಲ್ಲ. ಕಾಲು ಚಾಚಿದರೆ ಸ್ಟವ್ವಿಗೆ ತಾಗುತ್ತಿತ್ತು. ಮೊದಲ ಸಂಜೆ ನಾನು ರೊಟ್ಟಿ ಬಡಿಯಲು ಕೂತಾಗ ಸೆಲ್ವಮ್ಮ ಓಡಿ ಬಂದಳು. “ಏನಮ್ಮಾ, ಗೋಡೆ ಒಡೀತಿದ್ಯಾ?” ಎಂದಳು. ಬಿಸಿ ರೊಟ್ಟಿಯೊಂದನ್ನು ಕೈಗಿಟ್ಟೆ. ಅದನ್ನು ತನ್ನ ಮೀನಿನ ಕುಳಂಬಿನಲ್ಲಿ ಅದ್ದಿ ತಿಂದು, ಮರುದಿನ ತಾನೇ ತಟ್ಟೆ ಹಿಡಿದುಕೊಂಡು ಬಂದಳು. ನಮ್ಮ ಮಡಿವಂತ ಅವ್ವ ಅದನ್ನು ನೋಡಿದ್ದರೆ ಏನನ್ನುತ್ತಿದ್ದಳೋ. ನನಗಂತೂ ಆ ಊರಿನಲ್ಲಿ ನನ್ನ ಕೈಯ ಅಡಿಗೆ ಉಂಡ ಮೊದಲ ಜೀವ ಅವಳು.

ಕನ್ನಡ ನಾಡಿನ ರಾಜಧಾನಿ, ಭಾಷೆಯ ತೊಂದರೆ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ನಿಜವಾದ ತೊಂದರೆ ಕನ್ನಡದ್ದೇ ಆಗಿತ್ತು. ಹಲಸೂರಿನ ದಿನಸಿ ಅಂಗಡಿಯಲ್ಲಿ “ಜ್ವಾಳದ ಹಿಟ್ಟು ಅದ ಏನ್ರೀ?” ಎಂದು ಕೇಳಿದರೆ ಅಂಗಡಿಯಾತ ನಕ್ಕ. “ನಮ್ ಕಡೆ ರೀ ಅನ್ನೋದು ಗಂಡಂಗೆ ಕಣಮ್ಮಾ. ಎಲ್ರಿಗೂ ಅಂದ್ಬಿಟ್ರೆ ಮನೇಲಿ ಏನಂತೀಯಾ?” ಅಂಗಡಿಯಲ್ಲಿದ್ದ ಎಲ್ಲರೂ ನಕ್ಕರು. ಆವತ್ತಿನಿಂದ ಒಂದು ತಿಂಗಳು ಬೆರಳು ತೋರಿಸಿ ಸಾಮಾನು ತಂದೆ. ಆದರೆ ಶಿವಾಜಿನಗರದ ಮಾರುಕಟ್ಟೆಗೆ ಹೋದ ದಿನ ಬೇರೆಯೇ ಆಯಿತು. ಬದನೆಕಾಯಿ ಮಾರುವವನಿಗೆ ನಮ್ಮ ಕಲಬುರಗಿಯ ಉರ್ದುವಿನಲ್ಲಿ “ಇತ್ತಾ ಮಹಂಗಾ ಕೈಕು ಬೋಲ್ತೆ ಭಾಯ್?” ಎಂದೆ, ಇಷ್ಟು ತುಟ್ಟಿ ಯಾಕೆ ಹೇಳುತ್ತೀ ಎಂದು. ಅವನು ತಲೆ ಎತ್ತಿ ನೋಡಿ, “ಗುಲ್ಬರ್ಗಾಸೆ ಆಯೇ ಕ್ಯಾ ಆಪಾ?” ಎಂದು, ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದ. ಕನ್ನಡದವಳಾದ ನನ್ನನ್ನು ಬೆಂಗಳೂರಿನಲ್ಲಿ ಗುರುತು ಹಿಡಿದದ್ದು ಉರ್ದು. ಮನೆಗೆ ಬಂದು ಎಣ್ಣೆಗಾಯಿ ಮಾಡಿ ಒಬ್ಬಳೇ ಉಂಡೆ. ಉಣ್ಣುವಾಗ ಅಳು ಬಂತು. ಅಳು ಬಂದದ್ದಕ್ಕೆ ಭಾವನ ಮೇಲೆ ಮತ್ತೆ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಏನೇ ಆದರೂ ಅದು ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಆ ಸಿಟ್ಟಿನ ಮುಂದೆಯೇ.

ಸೆಲ್ವಮ್ಮ ಅದೇ ಹೋಮಿನ ಅಡಿಗೆಯವಳು ಎಂದು ತಿಳಿದದ್ದು ನಂತರ. ಆಯಾ ಬೇಕಾಗಿದ್ದಾಳೆ ಎಂದು ಅವಳು ಹೇಳಿದಾಗ ನಾನು ಒಪ್ಪಿಕೊಂಡೆ. ನಾನು ಯಾರೆಂದು ಹೇಳಲಿಲ್ಲ. ಆ ಗುಮಾಸ್ತ ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದ.

ಅಲ್ಲಿ ಏಳು ವರ್ಷ ಇದ್ದೆ. ಎಷ್ಟು ಮಕ್ಕಳನ್ನು ಮೀಯಿಸಿ, ತಲೆ ಬಾಚಿ, ಹೊಸ ಅಂಗಿ ತೊಡಿಸಿ ಆ ಹಜಾರಕ್ಕೆ ಕರೆತಂದೆನೋ ಲೆಕ್ಕವಿಟ್ಟಿಲ್ಲ. ಪ್ರತಿಯೊಂದು ಭೇಟಿಯೂ ಬೇರೆ. ಒಂದು ಮಗು ಹೊಸ ತಾಯಿಯ ಚಿನ್ನದ ಬಣ್ಣದ ಕೂದಲು ಹಿಡಿದು ಎಳೆದು, ಅದು ಕಿತ್ತು ಬರುವುದಿಲ್ಲವೆಂದು ತಿಳಿದ ಮೇಲೆಯೇ ಅವಳ ತೊಡೆಯೇರಿತು. ಒಬ್ಬ ತಂದೆ ವಿಮಾನದಲ್ಲಿ ಕನ್ನಡ ಕಲಿತುಕೊಂಡು ಬಂದು “ನಾನು ಅಪ್ಪ” ಎಂದ. ಮಗುವಿಗೆ ಬರುತ್ತಿದ್ದುದು ತೆಲುಗು. ಕೆಲವರು ಮಗುವನ್ನು ಮುಟ್ಟಲು ಹೆದರುತ್ತಿದ್ದರು. ನಾನು ಅವರನ್ನು ದ್ವೇಷಿಸಬೇಕೆಂದುಕೊಂಡೇ ಹಜಾರಕ್ಕೆ ಬರುತ್ತಿದ್ದೆ. ಆಗುತ್ತಿರಲಿಲ್ಲ. ದ್ವೇಷಿಸಲು ನನಗೆ ದೊಡ್ಡ ಮೇಡಂ ಇದ್ದರು, ಭಾವ ಇದ್ದ. ಅಷ್ಟು ಸಾಕಾಗಿತ್ತು.

ಹೊಸ ತಾಯಂದಿರನ್ನು ಮಗುವಿಗೆ ಬಟ್ಟೆ ಕೊಡಿಸಲು ಕಮರ್ಷಿಯಲ್ ಸ್ಟ್ರೀಟಿಗೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ಅಲ್ಲಿ, ಫ್ರಾಕುಗಳ ರಾಶಿಯ ನಡುವೆ, ದೊಡ್ಡ ಮೇಡಂ ಜೊತೆಗಿರುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಪೂರ್ತಿಯಾಗಿ ಕಲಿತ ಮೊದಲ ವಾಕ್ಯ, ‘ಈ ಮಗುವಿಗೆ ಅಜ್ಜಿ ಇದ್ದಾಳೆ.’ ಮಕ್ಕಳ ತಲೆ ಬಾಚುವಾಗ ಊರು ಯಾವುದು, ಅವ್ವನ ಹೆಸರೇನು, ಮನೆಯ ಮುಂದೆ ಏನಿತ್ತು ಎಂದೆಲ್ಲ ಕೇಳಿ ತಿಳಿದುಕೊಂಡದ್ದನ್ನು ಆ ತಾಯಂದಿರಿಗೆ ಹೇಳುತ್ತಿದ್ದೆ. ಬರೆದುಕೊಳ್ಳಿ ಎನ್ನುತ್ತಿದ್ದೆ. ಕೆಲವರು ಮುಖ ತಿರುಗಿಸಿದರು. ಕೆಲವರು ಹೆಸರುಗಳನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡರು. ನಾರ್ವೆಯವರಾದರೆ ಇನ್ನೂ ಒಂದು ಮಾತು ಸೇರಿಸುತ್ತಿದ್ದೆ. ನಿಮ್ಮ ದೇಶದಲ್ಲಿ ನೀಲವ್ವ, ಲಿಂಗವ್ವ ಎಂಬ ಅಕ್ಕತಂಗಿಯರಿದ್ದಾರೆ, ಅವರಿಗೆ ತಾಯಿಯ ತಂಗಿ, ಚಿಗವ್ವ ಒಬ್ಬಳಿದ್ದಾಳೆಂದು ಹೇಳಿ ಎಂದು. ಜೊತೆಗೆ ಮರ್ಫಿ ಟೌನಿನ ವಿಳಾಸ ಬರೆದ ಚೀಟಿ. ಇದನ್ನು ಪುಣ್ಯದ ಕೆಲಸ ಎಂದುಕೊಂಡು ಮಾಡಿದವಳಲ್ಲ ನಾನು. ಯಾರೂ ಇಲ್ಲ ಎಂದು ಬರೆದವರ ಕಾಗದ ಸುಳ್ಳಾಗಲಿ ಎಂದು ಮಾಡಿದೆ.

ಒಬ್ಬ ತಾಯಿ ದೊಡ್ಡ ಮೇಡಮ್ಮಿಗೇ ಧನ್ಯವಾದದ ಪತ್ರ ಬರೆದಳು, ನಿಮ್ಮ ಆಯಾ ಎಷ್ಟೆಲ್ಲ ತಿಳಿಸಿದಳು ಎಂದು. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

“ಏನ್ ಹಾಳು ಮಾಡಿದ್ಯ ಗೊತ್ತಾ ನಿಂಗೆ? ಯಾರು ನೀನು?” ಎಂದು ದೊಡ್ಡ ಮೇಡಂ ಕೂಗಾಡಿದರು.

“ನಾನು ಪೇಪರ್ ಪ್ರಕಾರ ಇಲ್ಲದಾಕಿ ಮೇಡಂ,” ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಹಲಸೂರಿನವರೆಗೂ ನಡೆದುಕೊಂಡೇ ಬಂದೆ.

ಅಷ್ಟು ಹೊತ್ತಿಗೆ ನನ್ನ ಇಂಗ್ಲಿಷ್ ಪರವಾಗಿಲ್ಲ ಎನ್ನುವ ಹಾಗಿತ್ತು. ಇಂದಿರಾನಗರದಲ್ಲಿ ಆಫೀಸಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಕಡೆ ಕೆಲಸ ಸಿಕ್ಕಿತು. ಕೋಣೆಯನ್ನು ಕೆ.ಆರ್. ಪುರಕ್ಕೆ ಬದಲಿಸಿದೆ. ಆಗ ಅಲ್ಲಿ ತೂಗುಸೇತುವೆಯಾಗಿತ್ತು. ಯಾದಗಿರಿ, ರಾಯಚೂರು, ನಮ್ಮ ಚಿತ್ತಾಪುರ ಕಡೆಯವರು ಕೋಣೆಗೊಂದು ಸಂಸಾರದಂತೆ ತುಂಬಿಕೊಂಡಿದ್ದರು. ಅಂಗಡಿಯಲ್ಲಿ ಬೆರಳು ತೋರಿಸದೆ ಜೋಳದ ಹಿಟ್ಟು ಸಿಗುತ್ತಿತ್ತು. ಸಂಜೆಯಾದರೆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ಆದರೆ ನನ್ನ ಹೊಟ್ಟೆ ಅಷ್ಟರಲ್ಲಿ ಅನ್ನಕ್ಕೆ ಒಗ್ಗಿಬಿಟ್ಟಿತ್ತು. ನೆರೆಯವರು “ಅಕ್ಕೋರು ಬೆಂಗಳೂರ್ ಮಂದಿ” ಎನ್ನುತ್ತಿದ್ದರು. ಇಂದಿರಾನಗರದಲ್ಲಿ ಮಕ್ಕಳ ತಾಯಂದಿರು “ನಮ್ಮ ಗುಲ್ಬರ್ಗಾ ಆಂಟಿ” ಎನ್ನುತ್ತಿದ್ದರು.

ನಾರ್ವೆಯಿಂದ ಪತ್ರ ಬಂದದ್ದು ಆಮೇಲೆ. ಸೆಲ್ವಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಬಸ್ಸಿನಲ್ಲಿ ತಂದುಕೊಟ್ಟಳು. ಅಲ್ಲಿ ಇಂಡಿಯಾದಿಂದ ಮಕ್ಕಳನ್ನು ತಂದವರು ಆಗಾಗ ಒಂದೆಡೆ ಸೇರುತ್ತಾರಂತೆ. ನನ್ನ ಚೀಟಿ ಕೈಯಿಂದ ಕೈಗೆ ಹೋಗಿ, ಅಕ್ಕತಂಗಿಯರ ಮನೆ ಮುಟ್ಟಿತ್ತು. ನೀಲವ್ವ ಈಗ ನೀಲಾ, ಲಿಂಗವ್ವ ಈಗ ಲೀನಾ. ಒಬ್ಬಳಿಗೆ ಇಪ್ಪತ್ತು, ಇನ್ನೊಬ್ಬಳಿಗೆ ಹದಿನೇಳು. ರಜೆಗೆ ಬರುತ್ತೇವೆ ಎಂದು ಬರೆದಿದ್ದರು.

ಹಳೆಯ ಏರ್‌ಪೋರ್ಟಿನ ಕಂಬಿಯ ಹೊರಗೆ ನಿಂತು ಕಾದ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ. ಆ ಹಜಾರದಲ್ಲಿ ಅಷ್ಟೊಂದು ಮೊದಲ ಭೇಟಿಗಳನ್ನು ನೋಡಿದ್ದೆನಲ್ಲ, ನನ್ನದು ಹೇಗಿರಬೇಕೆಂದು ತೀರ್ಮಾನಿಸಿಕೊಂಡಿದ್ದೆ. ಅಳಬಾರದು, ಕೂಗಬಾರದು, ಅವರಾಗಿ ಹತ್ತಿರ ಬರುವವರೆಗೆ ಮುಟ್ಟಬಾರದು. ನೀಲವ್ವ ಬೆನ್ನಿಗೆ ಚೀಲ ಹಾಕಿಕೊಂಡು ಹೊರಗೆ ಬಂದಳು. ಅಕ್ಕನ ಗಲ್ಲ, ಅಕ್ಕನ ನಡಿಗೆ. ನನ್ನ ತೀರ್ಮಾನಗಳೆಲ್ಲ ಎಲ್ಲಿ ಹೋದವೋ. ಅಲ್ಲೇ ನೆಲದ ಮೇಲೆ ಕೂತು ಹೋ ಎಂದು ಅತ್ತೆ. ಸಣ್ಣವಳು ಹೆದರಿ ಹಿಂದೆ ಸರಿದು, ಅಕ್ಕನ ಕಿವಿಯಲ್ಲಿ ಏನೋ ಕೇಳಿದಳು. ಅವರ ಭಾಷೆ, ನನಗೆ ತಿಳಿಯಲಿಲ್ಲ. ನೀಲವ್ವ ಬಗ್ಗಿ ಕೈ ಚಾಚಿದಳು. ತಬ್ಬಿಕೊಳ್ಳಲು ಅಲ್ಲ, ಕೈ ಕುಲುಕಲು.

ಕೋಣೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದೆ. ಲೀನಾಳಿಗೆ ಖಾರ ಹತ್ತಿ ಬರೀ ಮೊಸರು ತಿಂದಳು. ಅಕ್ಕನ ಒಂದೇ ಫೋಟೋ ತೋರಿಸಿದೆ. ಇಬ್ಬರೂ ಬಹಳ ಹೊತ್ತು ನೋಡಿದರು. ಅವರಮ್ಮ ಹೇಗಿದ್ದಳು, ಏನು ಹಾಡುತ್ತಿದ್ದಳು ಎಂದೆಲ್ಲ ಹೇಳಿದೆ. ಕೇಳಿದರು. ಆಮೇಲೆ ನೀಲಾ ಇಂಗ್ಲಿಷಿನಲ್ಲಿ, ತುಂಬ ಮೆಲ್ಲಗೆ, “ನಮ್ಮ ತಂದೆ ಬದುಕಿದ್ದಾರಾ?” ಎಂದಳು. ಬದುಕಿದ್ದಾನೆ ಎಂದೆ. “ನೋಡಬೇಕು. ನಮಗೆ ಅವರ ಮೇಲೆ ಕೋಪವಿಲ್ಲ.”

ಕೋಪವಿಲ್ಲ! ಹದಿಮೂರು ವರ್ಷ ನಾನು ಒಬ್ಬಳೇ ಹೊತ್ತು ತಿರುಗಿದ್ದನ್ನು ಇವರು ಕೇಳಿಯೂ ನೋಡದೆ ಬೇಡವೆಂದುಬಿಟ್ಟರು. ನನಗೆ ಬಂದ ಮದುವೆಗಳನ್ನು ಬಿಟ್ಟದ್ದು, ಅವ್ವನ ಜೊತೆ ಇರಬೇಕಾದ ವರ್ಷಗಳನ್ನು ಇಲ್ಲಿ ಕಳೆದದ್ದು ಯಾರ ಸಲುವಾಗಿ? ಮೋರೆ ತಿರುಗಿಸಿ ತಟ್ಟೆಗಳನ್ನು ತೊಳೆಯಲು ಕೂತೆ. ತೊಳೆದು ಮುಗಿಸುವಷ್ಟರಲ್ಲಿ ಮನಸ್ಸಿನಲ್ಲೊಂದು ಲೆಕ್ಕಾಚಾರ ಹುಟ್ಟಿತ್ತು. ಅವನಿಗೆ ಇಂಗ್ಲಿಷ್ ಬಾರದು. ಇವರಿಗೆ ಕನ್ನಡ ಬಾರದು. ನಡುವೆ ಇರುವವಳು ನಾನೊಬ್ಬಳೇ.

ಎರಡನೆಯ ಹೆಂಡತಿ ತವರಿಗೆ ಹೋದ ಮೇಲೆ ಒಂಟಿಯಾಗಿದ್ದ ಭಾವ ಗಾರೆ ಕೆಲಸ ಬಿಟ್ಟು ಮಹದೇವಪುರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆಗಿದ್ದಾನೆಂದು ನಮ್ಮ ಕಡೆಯವರಿಂದ ತಿಳಿದಿತ್ತು. ಮಧ್ಯಾಹ್ನ ಆಟೋದಲ್ಲಿ ಹೋದೆವು. ನೀಲಿ ಸಮವಸ್ತ್ರ ತೊಟ್ಟು ಗೇಟಿನ ಪಕ್ಕ ಕೂತಿದ್ದವನು, ಜೀನ್ಸ್ ತೊಟ್ಟ ಇಬ್ಬರು ಹುಡುಗಿಯರು ಇಳಿದದ್ದು ನೋಡಿ ದಡಬಡಿಸಿ ಎದ್ದು ಸೆಲ್ಯೂಟ್ ಹೊಡೆದ. “ಗುಡಾಫ್ಟರ್‌ನೂನ್ ಮೇಡಂ. ಯಾರ ಮನಿಗಿ?” ಎಂದು ಸಹಿ ಹಾಕುವ ಪುಸ್ತಕವನ್ನು ಮುಂದೆ ಚಾಚಿದ.

ಆ ಸೆಲ್ಯೂಟನ್ನು ನಾನು ಮನಸಾರೆ ಸವಿದೆ. ಅವಸರ ಮಾಡಲಿಲ್ಲ. ಆಮೇಲೆ ಮುಂದೆ ಬಂದು, “ಭಾವ, ಈಕಿ ನೀಲವ್ವ. ಈಕಿ ಲಿಂಗವ್ವ,” ಎಂದೆ.

ಪುಸ್ತಕ ಕೈಯಿಂದ ಜಾರಿತು. ಅವನು ಗೇಟಿನ ಕಂಬಿ ಹಿಡಿದುಕೊಂಡು ಕೆಳಗೆ ಕುಸಿದ. ನೀಲಾ ಸಣ್ಣ ಕ್ಯಾಮೆರಾ ತೆಗೆದಳು. ಫೋಟೋ ಹಿಡಿಯುತ್ತಿದ್ದಾಳೆ ಎಂದುಕೊಂಡೆ.

ಲೀನಾ ಅವನ ಎದುರು ನೆಲದ ಮೇಲೆಯೇ ಕೂತಳು. “ನಮ್ಮನ್ನು ನೆನೆಸಿಕೊಳ್ಳುತ್ತಿದ್ದರಾ ಎಂದು ಕೇಳಿ,” ಎಂದಳು.

ಕೇಳಿದೆ.

“ದಿನಾ. ಉಣ್ಲಿಕ್ ಕುಂತಾಗ ನೆಪ್ಪಾಗ್ತಾವ. ಈಕಿ ಸಣ್ಣಾಕಿ ಬೆರಳ್ ಚೀಪ್ತಿದ್ಳು,” ಎಂದ. ಹೇಳುತ್ತ ತನ್ನ ಹೆಬ್ಬೆರಳನ್ನೇ ನೋಡಿಕೊಂಡ.

ನಾನು ಇಂಗ್ಲಿಷಿನಲ್ಲಿ ಹೇಳಿದೆ: “ಬಹಳ ವರ್ಷವಾಯಿತು, ಮರೆತುಹೋಗಿದೆ ಎನ್ನುತ್ತಾನೆ.”

ನೀಲಾ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ನಮ್ಮನ್ನು ಯಾಕೆ ಕೊಟ್ಟರು?”

“ಆಕಿ ಹೋದ್ ಮ್ಯಾಲ ಕೆಲಸದ ಜಾಗದಾಗ ಮರಳಿನ್ ಮ್ಯಾಲ ಮಲಗಸ್ತಿದ್ದೆ. ಒಂದಿನ ಸಣ್ಣಾಕಿ ಸುಣ್ಣದ್ ತೊಟ್ಟಿಯಾಗ ಬೀಳ್ತಿದ್ಳು. ಹೆದರಿದೆ ಶರಣವ್ವ. ತಿಂಗ್ಳ ಮಟ್ಟಿಗಿ ಇಟ್ಕೋರಿ ಅಂತ ಕೊಟ್ಟೀನಿ.”

“ಹೆಣ್ಣುಮಕ್ಕಳು ಭಾರವಾದರು ಎನ್ನುತ್ತಾನೆ.”

ಲೀನಾ ತುಟಿ ಕಚ್ಚಿಕೊಂಡಳು. ಒಂದು ಕಾರು ಬಂತು. ಅವನು ಎದ್ದು ಗೇಟು ತೆಗೆದು, ಸೆಲ್ಯೂಟ್ ಹೊಡೆದು, ಮತ್ತೆ ಬಂದು ಕೂತ. ಆಗ ಲೀನಾ ಕೇಳಿದಳು. “ಒಂದು ಸಲವಾದರೂ ನಮ್ಮನ್ನು ವಾಪಸ್ ಕರೆದುಕೊಂಡು ಹೋಗಲು ಬಂದಿದ್ದರಾ?”

ಅದನ್ನು ಅವನಿಗೆ ಕೇಳುವಾಗ ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ.

“ಮೂರ್ ಸಲ ಹೋಗೀನಿ,” ಎಂದ ಭಾವ. “ತಿಂಗಳಾದ್ ಮ್ಯಾಲ ಹೋದೆ, ಗೇಟ್ ತೆಗೀಲಿಲ್ಲ. ಮತ್ತ ಹೋದೆ, ಹೆಬ್ಬಟ್ಟ ಒತ್ತೀದಿ ಹೋಗು ಅಂದ್ರು. ಮೂರನೇ ಸಲ ಪೊಲೀಸಿಗಿ ಕೊಡ್ತೀವಂದ್ರು. ನೀಲವ್ವಗ ಅಂತ ಕಾಲಿನ್ ಗೆಜ್ಜಿ ಒಯ್ದಿದ್ದೆ. ಕೊಡ್ರಿ ಅಂದ್ರ ತಗೊಳ್ಳಲಿಲ್ಲ.”

ಇದು ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ನಾನು ಅವನನ್ನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅದನ್ನು ಕೇಳಿದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಕಟ್ಟಿಕೊಂಡ ಸಿಟ್ಟಿಗೆ ನಿಜ ಬೇಕಾಗಿರಲಿಲ್ಲ. ಹುಡುಗಿಯರಿಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ನೋ,” ಎಂದೆ.

ಲೀನಾ ಎದ್ದು ಪ್ಯಾಂಟಿನ ದೂಳು ಒರೆಸಿಕೊಂಡು ಆಟೋದ ಕಡೆ ಹೋದಳು. ನೀಲಾ ಕ್ಯಾಮೆರಾ ಚೀಲಕ್ಕೆ ಹಾಕಿ, ಅವನಿಗೆ ಕೈ ಮುಗಿದು, ಅವಳೂ ಹೋದಳು. ಭಾವ ಗೇಟಿನವರೆಗೆ ಬಂದ. “ಏನಂದ್ರು?” ಎಂದ.

“ನೀ ಯಾರಂತ ನೆಪ್ಪಿಲ್ಲಂತ.”

“ಹೌದ್ ಬಿಡು. ಸಣ್ಣವಿದ್ದು,” ಎಂದ.

ಆಟೋದಲ್ಲಿ ಲೀನಾ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ಅಲ್ಲಿಯವರೆಗೆ ಅವಳು ನನ್ನನ್ನು ಮುಟ್ಟಿರಲಿಲ್ಲ. ನಾನು ಬೇಡಿಕೊಂಡದ್ದೆಲ್ಲ ಒಂದೇ ಮಧ್ಯಾಹ್ನ ಸಿಕ್ಕಿತ್ತು. ಊರಿಗೆ ಫೋನು ಮಾಡಿ, ಹುಡುಗಿಯರು ಅವನಿಗೆ ಬೆನ್ನು ತಿರುಗಿಸಿ ಬಂದರು ಎಂದು ಅವ್ವನಿಗೆ ಹೇಳಿದೆ. “ಛಲೋ ಮಾಡ್ದಿ ನನ್ ಮಗಳ” ಎಂದಳು. ಊರಿನಲ್ಲಿ ಹರಡಿದ್ದು ಆ ಕಥೆ. ಅವ್ವ ಅದೇ ವರ್ಷ, ಅದನ್ನೇ ನಂಬಿ ತೀರಿಕೊಂಡಳು.

ಹುಡುಗಿಯರು ಹೋಗಿ ಮೂರು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಭಾವ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಹೊರದೇಶದ ಅಂಚೆಚೀಟಿಯ ಲಕೋಟೆ. ಅಪಾರ್ಟ್‌ಮೆಂಟಿನ ಹೆಸರನ್ನು ಗೇಟಿನ ಮೇಲಿಂದ ನೋಡಿ ಬರೆದುಕೊಂಡಿದ್ದರು. “ಓದಿ ಹೇಳು. ಮತ್ತ ಯಾರಿಗಿ ಕೇಳ್ಲಿ?” ಎಂದ.

ಮೊದಲು ನಾನೊಬ್ಬಳೇ ಓದಿಕೊಂಡೆ. ಆ ಮಧ್ಯಾಹ್ನ ನೀಲಾಳ ಕ್ಯಾಮೆರಾ ಫೋಟೋ ಅಲ್ಲ, ಮಾತುಗಳನ್ನೇ ಹಿಡಿದಿತ್ತು. ಅಲ್ಲಿ ಕನ್ನಡ ಬಲ್ಲವರೊಬ್ಬರನ್ನು ಹುಡುಕಿ ಕೇಳಿಸಿದ್ದರು. ‘ನೀವು ಮೂರು ಸಲ ಬಂದಿದ್ದಿರಿ ಎಂದು ಈಗ ಗೊತ್ತಾಯಿತು ಅಪ್ಪ. ಗೆಜ್ಜೆ ಇನ್ನೂ ನಿಮ್ಮ ಹತ್ತಿರ ಇದೆಯೇ?’ ಎಂದಿತ್ತು. ಕೊನೆಯಲ್ಲಿ: ‘ಇದನ್ನು ಓದಿ ಹೇಳುವವರು ಅವರೇ ಆಗಿದ್ದರೆ, ನಮಗೆ ಏನು ಹೇಳಿದರೆಂದು ಅವರನ್ನೇ ಕೇಳಿ.’

ಕೊನೆಯ ಸಾಲು ಬಿಟ್ಟು ಓದಬಹುದಿತ್ತು. ಅವನಿಗೆ ಹೇಗೆ ತಿಳಿಯುತ್ತಿತ್ತು? ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಆಮೇಲೆ ಒಂದಕ್ಷರ ಬಿಡದೆ ಓದಿದೆ. ಅವನು ಕೇಳುವ ಮೊದಲೇ, ನೀನು ಇದನ್ನಂದಿ, ನಾನು ಇದನ್ನು ಹೇಳಿದೆ ಎಂದು ಒಂದೊಂದಾಗಿ ಹೇಳಿ ಮುಗಿಸಿದೆ. ಅವನು ಎದ್ದು ಹೊಡೆಯಲಿ ಎಂದು ಕಾಯುತ್ತಿದ್ದೆ.

“ಮೊದಲೆರಡು ತಿಳೀಲಿಲ್ಲ,” ಎಂದ ಭಾವ. “ಕಡೀದು ತಿಳದಿತ್ತು. ಗೇಟ್‌ನಾಗ ನಿಂತು ದಿನಾ ನಾನೇ ಅಂತೀನಲ್ಲ. ನೋ ಪಾರ್ಕಿಂಗ್, ನೋ ಎಂಟ್ರಿ. ನೋ ಅಂದ್ರ ತಿಳ್ಯಲ್ಲೇನು?”

“ಮತ್ತ್ಯಾಕ ಸುಮ್ಮನಿದ್ದಿ?”

“ಮೂರ್ ಸಲ ಹೋದೆ. ನಾಕನೇ ಸಲ ಹೋಗ್ಲಿಲ್ಲಲ್ಲ ಶರಣವ್ವ. ನೀ ಅಂದದ್ದು ಪೂರಾ ಸುಳ್ಳೇನಲ್ಲ.”

ಹೀಗೆ ಅವನು ನನ್ನನ್ನು ಮತ್ತೊಮ್ಮೆ ಸೋಲಿಸಿದ. ಅಂಗಿಯ ಮೇಲಿನ ಉಗುಳು ಒರೆಸಿಕೊಳ್ಳದವನು ಇದನ್ನೂ ಒರೆಸಿಕೊಳ್ಳಲಿಲ್ಲ. ನಿಜ ಹೇಳುತ್ತೇನೆ, ನನ್ನ ಸಿಟ್ಟು ಹೋಗಿಲ್ಲ. ಅವನು ಅವ್ವನಿಗೆ ಒಂದು ಕಾಗದ ಬರೆಸಿದ್ದರೆ ಸಾಕಿತ್ತು. ಅದನ್ನು ನಾನು ಬಿಡುವುದಿಲ್ಲ. ಆದರೆ ಸಿಟ್ಟನ್ನು ಎದುರಿಗಿಟ್ಟುಕೊಂಡು ನೋಡಲು ಹೋದರೆ ಈಗ ಅದರ ಪಕ್ಕದಲ್ಲಿ ನಾನೂ ಕಾಣಿಸುತ್ತೇನೆ.

ಹುಡುಗಿಯರು ನನಗೆ ಬರೆಯುವುದಿಲ್ಲ. ಅವನಿಗೆ ಬರೆಯುತ್ತಾರೆ, ಎರಡು ಮೂರು ತಿಂಗಳಿಗೊಮ್ಮೆ. ನನಗೆ ಬಂದ ಮೊದಲ ಪತ್ರದಲ್ಲಿ ಚಿಗವ್ವ ಎಂಬ ಪದವನ್ನು ತಪ್ಪುತಪ್ಪಾಗಿಯಾದರೂ ಬರೆದಿದ್ದವರು, ಈಗ ‘ಓದುವವರಿಗೆ ನಮಸ್ಕಾರ’ ಎಂದಷ್ಟೇ ಬರೆಯುತ್ತಾರೆ. ಊರಿಗೆ ಬಂದರೆ ನೀವು ನನಗೆ ಎದ್ದು ಜಾಗ ಕೊಟ್ಟು, ಭೀಮರಾಯನಿಗೆ ಬುದ್ಧಿ ಕಲಿಸಿ ಬಂದಾಕಿ ಎಂದು ಹೊಸಬರಿಗೆ ಪರಿಚಯ ಮಾಡಿಕೊಡುತ್ತೀರಿ. ಆ ಜಾಗದಲ್ಲಿ ಕೂತುಕೊಳ್ಳಲು ಆಗುವುದಿಲ್ಲ. ಎರಡು ದಿನಕ್ಕೆ ಬಸ್ಸು ಹತ್ತಿಬಿಡುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಕೆ.ಆರ್. ಪುರದ ಬಸ್ಸಿನಲ್ಲಿ ಕೂತಾಗ ಮನೆಗೆ ಬಂದೆ ಎಂದು ಅನ್ನಿಸುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಕೆಲವು ಸಲ ಅನ್ನಿಸುತ್ತದೆ.

ಕಳೆದ ಭಾನುವಾರವೂ ಭಾವ ಬಂದಿದ್ದ. ಉತ್ತರ ಬರೆಯುವುದಿತ್ತು. ಗೋಡೆಗೆ ಒರಗಿ ಕೂತು ಒಂದೊಂದೇ ಮಾತು ಹೇಳಿದ, ನಾನು ಇಂಗ್ಲಿಷಿಗೆ ತಿರುಗಿಸಿ ಬರೆದೆ. ಗೆಜ್ಜೆಯನ್ನು ಒಂದು ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ, ಈಗ ಕಾಲಿಗಾಗಲಿಕ್ಕಿಲ್ಲ, ಇಟ್ಟುಕೊಳ್ಳಿ. ಇಲ್ಲಿ ಮಳೆ ಬಂದು ಗೇಟಿನ ಮುಂದೆ ಮೊಣಕಾಲುದ್ದ ನೀರು ನಿಂತಿತ್ತು. ಆಮೇಲೆ ಸ್ವಲ್ಪ ಯೋಚಿಸಿ, “ನಮ್ಮವರೆಲ್ಲ ಆರಾಮ ಇದ್ದೀವಿ ಅಂತ ಬರಿ,” ಎಂದ.

“ನಮ್ಮವರು ಅಂದ್ರ ಯಾರು?” ಎಂದೆ.

ಅವನು ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎನ್ನುವ ಹಾಗೆ ಸುತ್ತ ನೋಡಿದ. “ಮತ್ತ್ಯಾರು? ನೀ, ನಾ.”

ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತೆ. ಇಂಗ್ಲಿಷಿನಲ್ಲಿ ಅದು ‘ವೀ’, ಎರಡೇ ಅಕ್ಷರದ ಪದ. ಅವನು ಹೇಳಿದ್ದನ್ನೇ ಬರೆದೆ.